ಚಾಸಿ ಒಂದು ಕಡೆ, ಅಚ್ಚು ಇನ್ನೊಂದು ಕಡೆ ಆಗಬಾರದು

ಹೈದರಾಬಾದಿನ ಚೌಮಹಲ್ಲಾ ಅರಮನೆಗೆ ಹೋದವರು ಅಲ್ಲಿರುವ ಹಳದಿ ರೋಲ್ಸ್ ರಾಯ್ಸ್ ಎದುರು ಸ್ವಲ್ಪ ಹೊತ್ತು ನಿಂತೇ ನಿಲ್ಲುತ್ತಾರೆ. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಹೇಳಿ ಮಾಡಿಸಿದ ಸಿಲ್ವರ್ ಘೋಸ್ಟ್ ಅದು. 1911ರಲ್ಲಿ ಅವರು ತೀರಿಕೊಂಡದ್ದರಿಂದ ಗಾಡಿ ಕೈಸೇರಿದ್ದು ಮಗ ಮೀರ್ ಉಸ್ಮಾನ್ ಅಲಿ ಖಾನರಿಗೆ. ಸಿಂಹಾಸನದಂಥ ಹಿಂದಿನ ಆಸನವನ್ನೂ ಬಣ್ಣವನ್ನೂ ನೋಡಿ ಜನ ಮುಂದೆ ಸಾಗುತ್ತಾರೆ. ಗಾಡಿ ಕಟ್ಟುವ ಆಸೆ ಇರುವವರು ಮಾತ್ರ ಸ್ವಲ್ಪ ಬಗ್ಗಿ, ಮುಂದಿನ ಎರಡು ಚಕ್ರಗಳ ನಡುವೆ ಕಣ್ಣು ಹಾಯಿಸಬೇಕು. ಈ ಚಕ್ರದಿಂದ ಆ ಚಕ್ರಕ್ಕೆ ಒಂದೇ ಉಕ್ಕಿನ ತೊಲೆ. ಅದರ ಎರಡು ಬದಿಗೆ, ಚಾಸಿಯ ಉದ್ದಕ್ಕೆ, ಎಲೆಯ ಮೇಲೆ ಎಲೆ ಜೋಡಿಸಿದ ಪಾಟಾ. ಇಂದಿಗೂ ಲಾರಿಯ ಮುಂಭಾಗ ಇರುವುದು ಹೆಚ್ಚುಕಡಿಮೆ ಹೀಗೆಯೇ.

ಚಾರ್‌ಮಿನಾರಿನ ಇನ್ನೊಂದು ಮಗ್ಗುಲಲ್ಲಿ ಪುರಾನಿ ಹವೇಲಿ ಇದೆ. ಅಲ್ಲಿನ ನಿಜಾಮ್ ಮ್ಯೂಸಿಯಂನ ಹಳೆಯ ಕಾರುಗಳಲ್ಲಿ ಒಂದು ಜಾಗ್ವಾರ್ ಮಾರ್ಕ್ 5. ಆ ಮಾದರಿ ತಯಾರಾದದ್ದು 1948ರಿಂದ 1951ರವರೆಗೆ. ಅದರ ಮುಂಭಾಗದಲ್ಲಿ ಅಡ್ಡತೊಲೆಯೇ ಇಲ್ಲ. ಪ್ರತಿ ಚಕ್ರವನ್ನೂ ಮೇಲೊಂದು ಕೆಳಗೊಂದು ತೋಳು ಹಿಡಿದಿವೆ. ಸ್ಪ್ರಿಂಗಿನ ಕೆಲಸವನ್ನು ಚಾಸಿಯ ಉದ್ದಕ್ಕೆ ಮಲಗಿ ತಿರುಚಿಕೊಳ್ಳುವ ಟಾರ್ಷನ್ ಬಾರ್ ಮಾಡುತ್ತದೆ. ಒಂದು ಚಕ್ರ ಗುಂಡಿಗೆ ಬಿದ್ದರೆ ಅದರ ಸುದ್ದಿ ಇನ್ನೊಂದಕ್ಕೆ ಮುಟ್ಟುವುದಿಲ್ಲ.

ಎರಡು ಗಾಡಿಗಳ ನಡುವೆ ಸುಮಾರು 40 ವರ್ಷ. ಹಳೆಯ ಕಾರನ್ನು ವೇಗಕ್ಕೆಂದು ತಿದ್ದಿ ಹಾಟ್ ರಾಡ್ ಮಾಡಲು ಹೊರಟವರ ಎದುರು ಇಂದಿಗೂ ನಿಲ್ಲುವುದು ಈ ಎರಡೇ ದಾರಿಗಳು. ಮುಂದೆ ತೊಲೆ ಹಾಕಬೇಕೋ, ಬಿಡಿಬಿಡಿ ತೋಳುಗಳನ್ನು ಹಾಕಬೇಕೋ? ಬಹುತೇಕರು ಈ ಪ್ರಶ್ನೆಯನ್ನು ತಡವಾಗಿ ಕೇಳಿಕೊಳ್ಳುತ್ತಾರೆ. ಮೊದಲು ಬಾಡಿ ಸಿಗುತ್ತದೆ, ಆಮೇಲೆ ಎಂಜಿನ್, ಆಮೇಲೆ ದೊಡ್ಡ ಟೈರು. ಎಲ್ಲ ಕೂಡಿದ ಮೇಲೆ ಚಾಸಿಗೆ ಯಾವ ಸಸ್ಪೆನ್ಷನ್ ಒಪ್ಪುತ್ತದೆ ಎಂದು ಹುಡುಕಾಟ. ನಡೆಯಬೇಕಾದದ್ದು ಇದಕ್ಕೆ ತದ್ವಿರುದ್ಧ. ಚಾಸಿಯನ್ನೂ ಮುಂದಿನ ಅಚ್ಚನ್ನೂ ಒಂದೇ ದಿನ, ಒಂದೇ ಕಾಗದದ ಮೇಲೆ ನಿರ್ಧರಿಸಬೇಕು. ಅಚ್ಚಿನಿಂದ ಬರುವ ಬಲ ಚಾಸಿಯ ಯಾವ ಜಾಗಕ್ಕೆ ಹೋಗಿ ಸೇರುತ್ತದೆ ಎಂಬುದು ಗೊತ್ತಿಲ್ಲದೆ ಬೆಸುಗೆ ಯಂತ್ರವನ್ನು ಮುಟ್ಟಬಾರದು.

ಹಾಟ್ ರಾಡ್ ಹುಟ್ಟಿದ್ದು ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. 1930ರ ದಶಕದ ಹುಡುಗರು ಕಡಿಮೆ ಬೆಲೆಗೆ ಸಿಗುತ್ತಿದ್ದ ಹಳೆಯ ಫೋರ್ಡುಗಳ ಮಡ್‌ಗಾರ್ಡು, ಬಾನೆಟ್ಟು, ಬಂಪರು ಕಳಚಿ, ಎಂಜಿನ್ ತಿದ್ದಿ, ಮ್ಯೂರಾಕ್‌ನಂಥ ಒಣಕೆರೆಗಳ ಗಟ್ಟಿ ಮಣ್ಣಿನ ಮೇಲೆ ವೇಗ ನೋಡುತ್ತಿದ್ದರು. 1937ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಹುಟ್ಟಿತು, 1948ರ ಜನವರಿಯಲ್ಲಿ 'ಹಾಟ್ ರಾಡ್' ಪತ್ರಿಕೆ ಬಂತು. ಅವರ ಅಚ್ಚುಮೆಚ್ಚಿನ ಗಾಡಿ 1932ರ ಫೋರ್ಡ್. ಆ ವರ್ಷವೇ ಫೋರ್ಡ್ 65 ಅಶ್ವಶಕ್ತಿಯ ವಿ-8 ಎಂಜಿನನ್ನು ಸಾಮಾನ್ಯರ ಕೈಗೆಟುಕುವ ಬೆಲೆಯಲ್ಲಿ ತಂದಿತ್ತು.

ಅದೇ 1932ರಲ್ಲಿ ನಿಜಾಮ್ ಸ್ಟೇಟ್ ರೈಲ್ವೆಯ ರಸ್ತೆ ಸಾರಿಗೆ ವಿಭಾಗ 27 ಬಸ್ಸು, 166 ನೌಕರರೊಂದಿಗೆ ಆರಂಭವಾಯಿತು. ಬೀದರ್, ಕಲಬುರಗಿ, ರಾಯಚೂರು ಆಗ ನಿಜಾಮರ ಸಂಸ್ಥಾನದಲ್ಲೇ ಇದ್ದವು. ಆ ವಿಭಾಗ ಓಡಿಸಿದ್ದು ಸ್ಕಾಟ್ಲೆಂಡಿನ ಆಲ್ಬಿಯನ್ ಬಸ್ಸುಗಳನ್ನು. 1942ರಲ್ಲಿ ಶುರುವಾದ ಹೈದರಾಬಾದ್ ಆಲ್ವಿನ್ ಕಂಪನಿ ಮುಂದೆ ಆಲ್ಬಿಯನ್ ಚಾಸಿಗಳ ಮೇಲೆ ಬಸ್ ಬಾಡಿ ಕಟ್ಟಿತು. ಬರಿಯ ಚಾಸಿ ಒಂದು ಕಡೆಯಿಂದ, ಬಾಡಿ ಇನ್ನೊಂದು ಕಡೆಯಿಂದ ಎನ್ನುವ ಪದ್ಧತಿ ಹೀಗೆ ಈ ಊರಿಗೆ ಹೊಸದಲ್ಲ. ನಿಜಾಮರ ಸಿಲ್ವರ್ ಘೋಸ್ಟ್‌ನ ಬಾಡಿಯನ್ನೂ ರೋಲ್ಸ್ ರಾಯ್ಸ್ ಕಟ್ಟಲಿಲ್ಲ; ಅದು ಲಂಡನ್ನಿನ ಬಾರ್ಕರ್ ಕಂಪನಿಯ ಕೆಲಸ. ಹಾಟ್ ರಾಡ್ ಸಾಧ್ಯವಾದದ್ದೂ ಇದರಿಂದಲೇ. ನಾಲ್ಕು ಬೋಲ್ಟು ಬಿಚ್ಚಿದರೆ ಬಾಡಿ ಮೇಲೇಳುತ್ತದೆ, ಚಾಸಿ ತನ್ನಷ್ಟಕ್ಕೆ ತಾನು ಗಾಡಿಯಾಗಿ ಉಳಿಯುತ್ತದೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಲ್ಲಿ ಹೀಗೆ ಮಾಡಲಾಗದು. ಅವುಗಳ ಬಾಡಿಯೇ ಚಾಸಿ.

ಆ ಕಾಲದ ಫೋರ್ಡ್ ಚಾಸಿ ಎಂದರೆ ಒತ್ತಿ ಮಡಚಿದ ಉಕ್ಕಿನ ಎರಡು ಸಿ ಚಾನೆಲ್. ನಮ್ಮ ಬಸ್ ಬಾಡಿ ಕಟ್ಟುವವರ ಮಾತಿನಲ್ಲಿ ಎರಡು ಲಾಂಗ್ ಮೆಂಬರು, ನಡುವೆ ಕ್ರಾಸ್ ಮೆಂಬರು. 1928ರಿಂದ 1931ರವರೆಗಿನ ಮಾಡೆಲ್ ಎ ಗಾಡಿಯ ಎರಡು ಅಚ್ಚುಗಳ ನಡುವಿನ ಅಂತರ 103.5 ಇಂಚು, 1932ರದ್ದು 106 ಇಂಚು. ಈ ಚಾನೆಲ್‌ಗಳು ಭಾರಕ್ಕೆ ಬಾಗುವುದು ಕಡಿಮೆ, ಆದರೆ ತಿರುಚಿದರೆ ಸುಲಭವಾಗಿ ತಿರುಚಿಕೊಳ್ಳುತ್ತವೆ. ಕಡ್ಡಿಪೆಟ್ಟಿಗೆಯ ಒಳಗಿನ ತಟ್ಟೆಯನ್ನು ಎರಡು ತುದಿ ಹಿಡಿದು ತಿರುಚಿ ನೋಡಿ, ಒಡನೆ ಬಳುಕುತ್ತದೆ. ಹೊರಗಿನ ಹೊದಿಕೆಯೊಳಗೆ ತೂರಿಸಿ ತಿರುಚಿದರೆ ಜಗ್ಗುವುದಿಲ್ಲ. ಸಿ ಚಾನೆಲ್ಲಿನ ತೆರೆದ ಬಾಯಿಗೆ ಪಟ್ಟಿ ಬೆಸೆದು ಮುಚ್ಚುವುದನ್ನು ಹಾಟ್ ರಾಡ್ ಕಟ್ಟುವವರು ಬಾಕ್ಸಿಂಗ್ ಎನ್ನುತ್ತಾರೆ. ಲೆಕ್ಕ ಹಾಕಿದರೆ ಇದರ ಬಲ ಬೆರಗು ಹುಟ್ಟಿಸುತ್ತದೆ. 100 ಮಿ.ಮೀ. ಎತ್ತರ, 50 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಚಾನೆಲ್ ತೆಗೆದುಕೊಳ್ಳಿ. ಅದೇ ದಪ್ಪದ ಪಟ್ಟಿಯಿಂದ ಬಾಯಿ ಮುಚ್ಚಿದರೆ ತಿರುಚುವಿಕೆಗೆ ಅದು ಒಡ್ಡುವ ತಡೆ ನಾನೂರಕ್ಕೂ ಹೆಚ್ಚು ಪಟ್ಟು ಏರುತ್ತದೆ. ಇದು ಒಂದು ಲಾಂಗ್ ಮೆಂಬರಿನ ಲೆಕ್ಕ. ಇಡೀ ಚಾಸಿಗೆ ಬಂದಾಗ ಕ್ರಾಸ್ ಮೆಂಬರುಗಳ ಜೋಡಣೆ ಎಷ್ಟು ಗಟ್ಟಿ ಎನ್ನುವುದರ ಮೇಲೆ ಲಾಭ ಇಳಿಯುತ್ತದೆ. ಆದರೂ ಬಾಕ್ಸಿಂಗ್‌ನಷ್ಟು ಕಡಿಮೆ ಖರ್ಚಿಗೆ ಇಷ್ಟು ಫಲ ಕೊಡುವ ಕೆಲಸ ಗಾಡಿಯಲ್ಲಿ ಇನ್ನೊಂದಿಲ್ಲ.

ಹಾಗಾದರೆ ಹೆನ್ರಿ ಫೋರ್ಡ್ ಅಷ್ಟು ಬಳುಕುವ ಚಾಸಿಯನ್ನು ಏಕೆ ಇಟ್ಟರು? ಉತ್ತರ ಮುಂದಿನ ಅಚ್ಚಿನಲ್ಲಿದೆ. ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗವೂ ಇದೇ. ರೋಲ್ಸ್ ರಾಯ್ಸ್‌ನಂತೆ ಎರಡು ಬದಿಗೆ ಎರಡು ಪಾಟಾ ಇಡದೆ ಫೋರ್ಡ್ ಒಂದೇ ಪಾಟಾವನ್ನು ಅಚ್ಚಿಗೆ ಸಮಾನಾಂತರವಾಗಿ ಅಡ್ಡ ಇಟ್ಟಿತು. ಪಾಟಾದ ನಡು ಚಾಸಿಯ ಮುಂದಿನ ಕ್ರಾಸ್ ಮೆಂಬರಿಗೆ, ಎರಡು ತುದಿ ಶ್ಯಾಕಲ್ ಎಂಬ ತೂಗುಕೊಂಡಿಗಳ ಮೂಲಕ ಅಚ್ಚಿನ ಎರಡು ಕೊನೆಗೆ. 1908ರ ಮಾಡೆಲ್ ಟಿಯಿಂದ 1948ರವರೆಗೆ ಫೋರ್ಡ್ ಕಾರುಗಳು ಇದನ್ನು ಬಿಡಲಿಲ್ಲ. ಅಚ್ಚು ಹಿಂದುಮುಂದು ಸರಿಯದಂತೆ ಹಿಡಿಯಲು ಅದರ ಎರಡು ತುದಿಯಿಂದ ಎರಡು ಕಂಬಿಗಳು ಹಿಂದಕ್ಕೆ ಬಂದು, ಗಾಡಿಯ ನಡುವೆ ಕೂಡಿ, ಒಂದೇ ಗುಂಡಿನ ಕೀಲಿನಲ್ಲಿ ಕೂರುತ್ತವೆ. ಇದೇ ವಿಶ್‌ಬೋನ್. ಬಲ ಹರಿಯುವ ದಾರಿ ಗಮನಿಸಿ. ಭಾರ ಕ್ರಾಸ್ ಮೆಂಬರಿನ ನಡುವಿಗೆ, ಬ್ರೇಕಿನ ಒತ್ತಡ ಒಂದೇ ಗುಂಡಿಗೆ. ಎಡಚಕ್ರ ಒಂದಡಿ ಮೇಲೆದ್ದರೂ ಅಚ್ಚು ಆ ಗುಂಡಿನ ಸುತ್ತ ವಾಲಿ ಸುಮ್ಮನಾಗುತ್ತದೆ. ಕಂಬಿಗಳಿಂದ ಲಾಂಗ್ ಮೆಂಬರಿಗೆ ತಿರುಚು ಮುಟ್ಟುವುದು ತೀರ ಕಡಿಮೆ. ಎತ್ತಿನಗಾಡಿಯ ಜಾಡುಗಳಲ್ಲಿ ಓಡಬೇಕಿದ್ದ ಅಗ್ಗದ ಗಾಡಿಗೆ ಇದಕ್ಕಿಂತ ಒಪ್ಪುವ ವ್ಯವಸ್ಥೆ ಇರಲಿಲ್ಲ. ಚಾಸಿ ಮತ್ತು ಅಚ್ಚು ಒಂದನ್ನೊಂದು ನೋಡಿಕೊಂಡೇ ಹುಟ್ಟಿದ್ದವು.

ಹಾಟ್ ರಾಡ್ ಹುಡುಗರು ಈ ಒಪ್ಪಂದವನ್ನು ಮುರಿದರು, ಬೇಕೆಂದಲ್ಲ, ಜಾಗ ಸಾಲದೆ. ದೊಡ್ಡ ಎಂಜಿನ್ನೂ ಹೊಸ ಗೇರ್‌ಬಾಕ್ಸೂ ಬಂದಾಗ ನಡುವಿನ ಗುಂಡು ಅಡ್ಡ ಬಂತು. ವಿಶ್‌ಬೋನನ್ನು ಕತ್ತರಿಸಿ ಎರಡು ಕಂಬಿಗಳನ್ನು ಎರಡು ಲಾಂಗ್ ಮೆಂಬರಿಗೆ ಒಂದೊಂದಾಗಿ ಕಟ್ಟಿದರು. ಈಗ ಎಡಚಕ್ರ ಎದ್ದರೆ ಎಡಕಂಬಿ ತನ್ನ ಕೀಲಿನ ಸುತ್ತ ಒಂದು ಕೋನಕ್ಕೆ ತಿರುಗುತ್ತದೆ, ಬಲಕಂಬಿ ಮೊದಲಿನಂತೆಯೇ ಇರುತ್ತದೆ. ಎರಡೂ ಅಚ್ಚಿಗೆ ಬಿಗಿಯಾಗಿ ಸೇರಿರುವುದರಿಂದ ನಡುವಿನ ಅಚ್ಚು ತಿರುಚಿಕೊಳ್ಳಲೇಬೇಕು. ಫೋರ್ಡಿನ ಹಳೆಯ ಅಚ್ಚು ಐ ಅಕ್ಷರದ ಅಡ್ಡಕೊಯ್ತದ ಫೋರ್ಜಿಂಗ್. ತೆರೆದ ಆಕಾರವಾದ್ದರಿಂದ ಅಷ್ಟಿಷ್ಟು ತಿರುಚಿಕೊಂಡು ತಾಳುತ್ತದೆ. ಅಂದಕ್ಕಾಗಿ ಅಲ್ಲಿ ಕೊಳವೆಯ ಅಚ್ಚು ಹಾಕಿದರೆ, ಮುಚ್ಚಿದ ಆಕಾರವಾದ್ದರಿಂದ ತಿರುಚಿಕೊಳ್ಳಲು ಒಪ್ಪುವುದಿಲ್ಲ. ಆಗ ಬಲವೆಲ್ಲ ಕಂಬಿಯ ಬೆಸುಗೆಗೋ ಚಾಸಿಯ ಬ್ರಾಕೆಟ್ಟಿಗೋ ಹೋಗಿ, ದಿನ ಕಳೆದಂತೆ ಅಲ್ಲಿ ಬಿರುಕು ಬಿಡುತ್ತದೆ. ಚಾನೆಲನ್ನು ಮುಚ್ಚಿದರೆ ಗಟ್ಟಿಯಾಗುವ ಅದೇ ಗುಣ ಇಲ್ಲಿ ಕೆಡುಕಾಗುತ್ತದೆ. ಕತ್ತರಿಸಿದ ವಿಶ್‌ಬೋನಿಗೆ ಐ ಅಚ್ಚು. ಕೊಳವೆ ಅಚ್ಚಿಗೆ ನಾಲ್ಕು ಸರಳು. ಇದನ್ನು ಅದಲುಬದಲು ಮಾಡಬಾರದು.

ನಾಲ್ಕು ಸರಳಿನ ವ್ಯವಸ್ಥೆ 1970ರ ದಶಕದಲ್ಲಿ ಪೀಟ್ ಶಾಪೂರಿಸ್ ಮತ್ತು ಜಿಮ್ ಜೇಕಬ್ಸ್ ಅವರ ಪೀಟ್ ಅಂಡ್ ಜೇಕ್ಸ್ ಕಾರ್ಯಾಗಾರದಿಂದ ಹೆಸರಾಯಿತು. ಅಚ್ಚಿನ ಪ್ರತಿ ತುದಿಗೆ ಮೇಲೊಂದು ಕೆಳಗೊಂದು ಸಮಾನಾಂತರ ಸರಳು, ಎರಡು ಕಡೆಯೂ ಬುಷ್. ಅಚ್ಚು ಮೇಲೆ ಕೆಳಗೆ ಹೋದರೂ ಅದರ ವಾಲು ಬದಲಾಗುವುದಿಲ್ಲ, ತಿರುಚು ಹುಟ್ಟುವುದಿಲ್ಲ. ಆದರೆ ಬ್ರೇಕ್ ಒತ್ತಿದಾಗ ಸರಳುಗಳ ಎಳೆತ ಒತ್ತಡಗಳೆಲ್ಲ ಲಾಂಗ್ ಮೆಂಬರಿನ ಬದಿಗೆ ಬರುತ್ತವೆ. ಅಲ್ಲಿಗೆ ಬಾಕ್ಸಿಂಗ್ ಇಲ್ಲದ ಹಳೆಯ ಚಾನೆಲ್ ಸಾಲದು. ಅಡ್ಡಪಾಟಾ ಶ್ಯಾಕಲ್‌ಗಳ ಮೇಲೆ ತೂಗುವುದರಿಂದ ಗಾಡಿ ಅಡ್ಡಡ್ಡ ಸರಿಯುತ್ತದೆ ಎನ್ನುವುದು ಇನ್ನೊಂದು ತೊಡಕು. ಸ್ಟೀರಿಂಗ್ ಬಾಕ್ಸಿನಿಂದ ಎದುರು ಬದಿಯ ಚಕ್ರಕ್ಕೆ ಅಡ್ಡ ಕಂಬಿ ಹಾಯಿಸಿದ ಗಾಡಿಯಲ್ಲಿ ಆ ಸರಿತವೇ ಸ್ಟೀರಿಂಗ್ ತಿರುಗಿಸಿಬಿಡುತ್ತದೆ. ಪನಾರ್ ಸರಳು ಒಂದನ್ನು ಅಚ್ಚಿನಿಂದ ಚಾಸಿಗೆ ಅಡ್ಡ ಕಟ್ಟುವುದು ಇದಕ್ಕೆ ಮದ್ದು. ಆ ಸರಳು ಸ್ಟೀರಿಂಗಿನ ಅಡ್ಡ ಕಂಬಿಗೆ ಸಮಾನಾಂತರವಾಗಿ, ಆದಷ್ಟು ಅಷ್ಟೇ ಉದ್ದವಿರಬೇಕು. ಇಲ್ಲದಿದ್ದರೆ ಎರಡೂ ಬೇರೆ ಬೇರೆ ಕಮಾನಿನಲ್ಲಿ ಓಡಾಡಿ ಪ್ರತಿ ಉಬ್ಬಿಗೂ ಚಕ್ರ ತನ್ನಷ್ಟಕ್ಕೇ ತಿರುಗುತ್ತದೆ.

ಗಾಡಿ ತಗ್ಗಿಸುವ ಹಂಬಲದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಚ್ಚಿನ ಎರಡು ತುದಿಯನ್ನು ಮೇಲೆತ್ತಿ ನಡುವನ್ನು ಕೆಳಗಿಳಿಸಿದ ಅಚ್ಚು ಗಾಡಿಯನ್ನು ಸಾಮಾನ್ಯವಾಗಿ ನಾಲ್ಕು ಇಂಚು ಇಳಿಸುತ್ತದೆ. ಅದಕ್ಕಿಂತ ಹೆಚ್ಚು ಇಳಿಸಬೇಕೆಂದವರು ಚಾಸಿಯನ್ನು ಅಚ್ಚಿಗಿಂತ ಹಿಂದೆಯೇ ನಿಲ್ಲಿಸಿ, ಮುಂದಕ್ಕೆ ಚಾಚಿದ ಬ್ರಾಕೆಟ್ಟಿನಲ್ಲಿ ಪಾಟಾ ಕೂರಿಸಿದರು. ಹಾಟ್ ರಾಡ್ ಕಟ್ಟುವವರೇ ಅದಕ್ಕೆ ಸೂಸೈಡ್ ಎಂಬ ಹೆಸರಿಟ್ಟರು. ಬ್ರಾಕೆಟ್ಟಿನ ಬೆಸುಗೆ ಬಿಟ್ಟರೆ ಗಾಡಿಯ ಮೂತಿ ನೆಲಕ್ಕೆ ಬೀಳುತ್ತದೆ. ಒಳ್ಳೆಯ ಬೆಸುಗೆಗಾರನ ಕೈಯಲ್ಲಿ ಇದು ಅಪಾಯವಲ್ಲದೆ ಇರಬಹುದು, ಆದರೂ ನಮ್ಮ ರಸ್ತೆಗೆ ನಾನು ಒಪ್ಪುವುದಿಲ್ಲ.

ಇನ್ನು ಬಿಡಿ ತೋಳುಗಳ ದಾರಿ. ಅಮೆರಿಕದಲ್ಲಿ ಇದಕ್ಕೆ ಆಧಾರವಾದದ್ದು 1974ರಿಂದ 1978ರವರೆಗೆ ಬಂದ ಫೋರ್ಡ್ ಮಸ್ಟಾಂಗ್ 2. ಚಿಕ್ಕದು, ಕಿರಿದು, ರ್‍ಯಾಕ್ ಅಂಡ್ ಪಿನಿಯನ್ ಸ್ಟೀರಿಂಗ್ ಇದ್ದದ್ದು, ಗುಜರಿಯಲ್ಲಿ ಹೇರಳ. ಇಂದು ಅದೇ ಮಾದರಿಯ ಹೊಸ ಸೆಟ್ಟುಗಳೇ ಸಿಗುತ್ತವೆ. ಹೆದ್ದಾರಿಯಲ್ಲಿ ನೂರಾರು ಕಿ.ಮೀ. ಓಡುವವರಿಗೆ ಅದು ಸುಖ. ಆದರೆ ಬಲದ ದಾರಿ ಇಲ್ಲಿ ಪೂರ್ತಿ ಬೇರೆ. ತಿರುವಿನಲ್ಲಿ ಟೈರಿನ ಹಿಡಿತ ಕೆಳಗಿನ ತೋಳನ್ನು ಒಳಕ್ಕೆ ತಳ್ಳುತ್ತದೆ, ಮೇಲಿನದನ್ನು ಹೊರಕ್ಕೆ ಎಳೆಯುತ್ತದೆ. ಎರಡೂ ಸೇರಿ ಲಾಂಗ್ ಮೆಂಬರನ್ನು ಅದರ ಉದ್ದದ ಸುತ್ತ ಹೊರಳಿಸಲು ನೋಡುತ್ತವೆ. ತೆರೆದ ಚಾನೆಲ್ ತಾಳಲಾಗದ್ದು ಇದನ್ನೇ. ಹಾಗಾಗಿ ಬಿಡಿ ತೋಳು ಬೇಕೆಂದರೆ ಬಾಕ್ಸ್ ಮಾಡಿದ ಚಾಸಿ, ಅಚ್ಚಿನ ಜಾಗದಲ್ಲಿ ಭಾರಿ ಕ್ರಾಸ್ ಮೆಂಬರು, ಎರಡೂ ಕಡ್ಡಾಯ. ಮಡ್‌ಗಾರ್ಡಿಲ್ಲದ ಗಾಡಿಯಲ್ಲಿ ತೋಳು, ಸ್ಪ್ರಿಂಗು, ರ್‍ಯಾಕು ಎಲ್ಲ ಹೊರಗೆ ಕಾಣುತ್ತವೆ ಎಂಬುದೂ ಇದೆ. 1932ರ ಮೂತಿಯ ಕೆಳಗೆ 1970ರ ದಶಕದ ಕೊಳವೆಗಳು ತೂಗುವುದನ್ನು ನನ್ನ ಕಣ್ಣು ಒಪ್ಪಿಕೊಂಡಿಲ್ಲ. ಮಡ್‌ಗಾರ್ಡಿದ್ದರೆ ಆ ಮಾತು ಬೇರೆ.

ಹೈದರಾಬಾದಿನಲ್ಲಿ ಕೂತು ಯೋಚಿಸುವವರಿಗೆ ಮಸ್ಟಾಂಗಿನ ಸೆಟ್ಟು ಹಡಗಿನಲ್ಲಿ ಬರಬೇಕು. ಇಲ್ಲಿ ಸಿಗುವುದನ್ನು ನೋಡೋಣ. ಹಳೆಯ ಅಂಬಾಸಿಡರಿನ ಮುಂಭಾಗ ಟಾರ್ಷನ್ ಬಾರಿನದು, ಪುರಾನಿ ಹವೇಲಿಯ ಜಾಗ್ವಾರಿನ ತತ್ತ್ವವೇ. ಸರಳು ಹಿಂದಕ್ಕೆ ಬಹುದೂರ ಹೋಗಿ ನೆಲಹಾಸಿನ ಕೆಳಗೆ ಕೊನೆಯಾಗುವುದರಿಂದ ಆ ಜಾಗದಲ್ಲೂ ಚಾಸಿಗೆ ಗಟ್ಟಿ ಕ್ರಾಸ್ ಮೆಂಬರು ಬೇಕು. ಹಳೆಯ ಟಾಟಾ ಸುಮೋದ್ದೂ ಟಾರ್ಷನ್ ಬಾರೇ, ಆದರೆ ಒಂದೂವರೆ ಟನ್ನಿಗೂ ಹೆಚ್ಚು ತೂಕದ ಗಾಡಿಗೆ ಮಾಡಿದ್ದು. ಅದರಲ್ಲಿ ಅರ್ಧದಷ್ಟು ತೂಗುವ ಹಾಟ್ ರಾಡಿಗೆ ಬಿಗಿಯಾಗುತ್ತದೆ. ಕಾಂಟೆಸ್ಸಾದ ತೋಳು ಮತ್ತು ಕಾಯಿಲ್ ಸ್ಪ್ರಿಂಗಿನ ಮುಂಭಾಗ ಇವುಗಳಲ್ಲೆಲ್ಲ ಮೇಲು, ಸಿಕ್ಕರೆ. ಉಳಿಯುವುದು ಜೀಪು. ಟೂ-ವೀಲ್ ಡ್ರೈವ್ ಮಹೀಂದ್ರ ಜೀಪುಗಳ ಸಾದಾ ಮುಂದಿನ ಅಚ್ಚು, ಎರಡು ಬದಿಯ ಪಾಟಾ. ಕಿಂಗ್‌ಪಿನ್ ಸೆಟ್ಟು, ಬುಷ್, ಟೈರಾಡ್ ಎಂಡು ಯಾವ ಊರಿನ ಅಂಗಡಿಯಲ್ಲೂ ಸಿಗುತ್ತವೆ. ಪಾಟಾ ಕಟ್ಟುವ ಕಮ್ಮಾರಶಾಲೆಗಳು ಹೆದ್ದಾರಿಯುದ್ದಕ್ಕೂ ಇವೆ. ಹೇಳಿದ ಅಳತೆಗೆ, ಹೇಳಿದಷ್ಟು ಎಲೆಗಳ ಪಾಟಾ ಬಾಗಿಸಿ ಕೊಡುತ್ತವೆ.

ಇದೇ ನನ್ನ ಆಯ್ಕೆ ಕೂಡ. ಪಾಟಾ ಎರಡು ಬದಿಗೆ ಉದ್ದುದ್ದ ಇದ್ದರೆ ಅದೇ ಸ್ಪ್ರಿಂಗು, ಅದೇ ಅಚ್ಚನ್ನು ಹಿಡಿಯುವ ಕಂಬಿ. ವಿಶ್‌ಬೋನ್ ಬೇಡ, ನಾಲ್ಕು ಸರಳು ಬೇಡ. ಕೆಡುವ ಕೀಲುಗಳೇ ಕಡಿಮೆ. ಅಡ್ಡಪಾಟಾದ ಅಂದ ಇದಕ್ಕಿಲ್ಲ ಎನ್ನುವುದನ್ನು ಒಪ್ಪುತ್ತೇನೆ. ಎದುರಿನಿಂದ ನೋಡಿದಾಗ ರೇಡಿಯೇಟರಿನ ಕೆಳಗೆ ಕಾಣುವ ಆ ಒಂದು ಕಮಾನು ಹಾಟ್ ರಾಡಿನ ಗುರುತು. ಅದು ಬೇಕೇ ಬೇಕು ಎನ್ನುವವರು ಐ ಅಚ್ಚು, ಕತ್ತರಿಸಿದ ವಿಶ್‌ಬೋನ್, ಪನಾರ್ ಸರಳು ಮೂರನ್ನೂ ಒಟ್ಟಿಗೆ ಆರಿಸಲಿ.

ರಸ್ತೆಯ ಉಬ್ಬುಗಳ ಲೆಕ್ಕವನ್ನೂ ಇಲ್ಲಿಯೇ ಮಾಡಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ದುಂಡು ಉಬ್ಬಿನ ಅಳತೆ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯ. 1932ರ ಫೋರ್ಡಿನ ಅಚ್ಚುಗಳ ಅಂತರ ಸುಮಾರು 2.7 ಮೀಟರ್. ಅಷ್ಟು ಉದ್ದದ ಗಾಡಿ ಈ ಉಬ್ಬಿನ ಮೇಲೆ ನಿಂತಾಗ ನಾಲ್ಕೂ ಚಕ್ರ ಉಬ್ಬಿನ ಮೇಲೇ ಇರುತ್ತವೆ. ನಡುವೆ ನೆಲ ಏರಿಬರುವುದು ಬರೀ 53 ಮಿ.ಮೀ. ಅಂದರೆ ಹೊಟ್ಟೆಯ ಕೆಳಗೆ ಒಂದು ಗೇಣಿನ ಮುಕ್ಕಾಲು ಭಾಗ ಜಾಗವಿಟ್ಟ ಗಾಡಿ ನಿಧಾನಕ್ಕೆ ಆರಾಮವಾಗಿ ದಾಟಬಹುದು. ಗಲ್ಲಿಗಳಲ್ಲಿ ಮನೆಯವರೇ ರಾತ್ರೋರಾತ್ರಿ ಸಿಮೆಂಟು ಗುಡ್ಡೆ ಹಾಕಿ ಕಟ್ಟುವ, ಗೇಣಗಲದ ಚೂಪು ಉಬ್ಬುಗಳು ಹಾಗಲ್ಲ. ಅವು ಎಷ್ಟೆತ್ತರವೋ ಅಷ್ಟೂ ಹೊಟ್ಟೆಗೆ ಬರುತ್ತದೆ. ಎಂಜಿನ್ನಿನ ಆಯಿಲ್ ಸಂಪ್ ಚಾಸಿಯ ಕೆಳಮಟ್ಟಕ್ಕಿಂತ ಕೆಳಗೆ ಇಳಿಯಕೂಡದು ಎಂಬ ನಿಯಮವನ್ನು ಮೊದಲ ದಿನವೇ ಬರೆದಿಟ್ಟುಕೊಂಡರೆ ಈ ನಗರದಲ್ಲಿ ಗಾಡಿ ಉಳಿಯುತ್ತದೆ.

ಈಗ ಎಲ್ಲಕ್ಕಿಂತ ದೊಡ್ಡ ಮಾತು: ಚಾಸಿ ಯಾವುದು? ಅಮೆರಿಕದಲ್ಲಿ ಇದು ಹಣದ, ರುಚಿಯ ಪ್ರಶ್ನೆ. ನಮ್ಮಲ್ಲಿ ಕಾನೂನಿನ ಪ್ರಶ್ನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸಬಾರದು. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ತಂದ 182ಎ ಸೆಕ್ಷನ್, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದೇ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಗಾಡಿಗೆ 'ವಿಎ' ಅಕ್ಷರಗಳ ನಂಬರ್ ಸಿಗುತ್ತದೆ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಷರತ್ತು ಒಂದಿದೆ: ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹಾಗೆ ನೋಂದಾಯಿಸಿದ ಗಾಡಿಯೂ ರಸ್ತೆಗಿಳಿಯುವುದು ಪ್ರದರ್ಶನ, ರ್‍ಯಾಲಿ, ತಾಂತ್ರಿಕ ಸಂಶೋಧನೆ, ದುರಸ್ತಿ, ಇಂಧನ ತುಂಬಿಸುವಂಥ ಕೆಲಸಗಳಿಗೆ ಮಾತ್ರ.

ಇದರ ಅರ್ಥ ನೇರವಾಗಿದೆ. ಯಾರದೋ ಹಿತ್ತಲಲ್ಲಿ 1930ರ ಫೋರ್ಡ್ ಸಿಕ್ಕಿತು ಎಂದುಕೊಳ್ಳಿ. ಅದರ ಚಾನೆಲ್ಲನ್ನು ಕತ್ತರಿಸಿ, ಬಾಕ್ಸ್ ಮಾಡಿ, ಮುಂದೆ ಕಾಂಟೆಸ್ಸಾದ ತೋಳು ಬೆಸೆದ ಗಳಿಗೆಯಲ್ಲಿ ಅದು ವಿಂಟೇಜ್ ಆಗಿ ಉಳಿಯುವುದಿಲ್ಲ, ಹೊಸ ಗಾಡಿಯೂ ಆಗುವುದಿಲ್ಲ. ಕಾನೂನನ್ನು ಬದಿಗಿಟ್ಟು ನೋಡಿದರೂ ನನ್ನ ಮಾತು ಬೇರೆಯಾಗದು. ಅಮೆರಿಕದಲ್ಲಿ ಆ ಫೋರ್ಡುಗಳು ಲಕ್ಷಗಟ್ಟಲೆ ಇದ್ದವು, ಹುಡುಗರು ಕತ್ತರಿಸಿದರು. ಭಾರತಕ್ಕೆ ಬಂದವು ಕೆನಡಾದ ಫೋರ್ಡಿನಿಂದ, ಬಲಗಡೆ ಸ್ಟೀರಿಂಗಿನೊಂದಿಗೆ, ಉಳಿದಿರುವವು ಕೆಲವೇ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲೋ ಶ್ರೀರಂಗಪಟ್ಟಣದ ಬಳಿಯ 'ಪಯಣ' ಕಾರು ಸಂಗ್ರಹಾಲಯದಲ್ಲೋ ಹಳೆಯ ಗಾಡಿಗಳ ಕೆಳಗೆ ಬಗ್ಗಿ ನೋಡಿದವರಿಗೆ ಅಖಂಡವಾಗಿ ಉಳಿದ ಒಂದು ಚಾಸಿಯ ಬೆಲೆ ತಿಳಿಯುತ್ತದೆ. ಅಂಥದ್ದಕ್ಕೆ ಗ್ರೈಂಡರ್ ಹಿಡಿಯಬೇಡಿ. ತುಕ್ಕು ತೆಗೆದು, ಅಳತೆ ಬರೆದುಕೊಂಡು, ಹಾಗೆಯೇ ನಿಲ್ಲಿಸಿ.

ಹೊಸ ಚಾಸಿ ಕಟ್ಟುವುದು ಕಷ್ಟವಲ್ಲ. ಅದಕ್ಕೆ ಹೈದರಾಬಾದಿಗಿಂತ ಒಳ್ಳೆಯ ಊರು ಹುಡುಕಬೇಕಾಗಿಲ್ಲ. ಯಂತ್ರೋಪಕರಣ ತಯಾರಿಸುವ ಪ್ರಾಗಾ ಟೂಲ್ಸ್ ಕಂಪನಿ 1943ರಲ್ಲಿ ಇಲ್ಲಿ ಹುಟ್ಟಿತು. ಬಾಲಾನಗರದಲ್ಲಿ 1968ರಿಂದ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಟೂಲ್ ಡಿಸೈನ್ ಇದೆ. ಅದರ ಸುತ್ತಮುತ್ತಲ ಶೆಡ್ಡುಗಳಲ್ಲಿ ಕೂದಲೆಳೆಯ ಅಳತೆಗೆ ಲೇತ್ ಹಿಡಿಯುವ ಕೈಗಳಿವೆ. ಸಿಕಂದರಾಬಾದಿನ ರಾಣಿಗಂಜ್‌ನಲ್ಲಿ ಕಬ್ಬಿಣ, ಬೇರಿಂಗು, ಬೋಲ್ಟುಗಳ ಅಂಗಡಿ ಸಾಲುಸಾಲು. ಬಹಾದೂರ್‌ಪುರದಲ್ಲಿ, ನೆಹರೂ ಮೃಗಾಲಯದ ಹತ್ತಿರ, ಸುಧಾ ಕಾರ್ಸ್ ಮ್ಯೂಸಿಯಂ ಇದೆ. ಕೆ. ಸುಧಾಕರ್ ಅಲ್ಲಿ ಕ್ರಿಕೆಟ್ ಚೆಂಡು, ಬರ್ಗರ್, ಕ್ಯಾಮೆರಾ, ಮಂಚ, ಶೂ, ಲಿಪ್‌ಸ್ಟಿಕ್ ಆಕಾರಗಳಲ್ಲಿ ಓಡುವ ಕಾರುಗಳನ್ನು ಕಟ್ಟಿ ನಿಲ್ಲಿಸಿದ್ದಾರೆ. 2005ರ ಜುಲೈ 1ರಂದು ಅವರು ಓಡಿಸಿದ, 12.67 ಮೀಟರ್ ಎತ್ತರದ ತ್ರಿಚಕ್ರ ಸೈಕಲ್ ಗಿನ್ನೆಸ್ ದಾಖಲೆ ಸೇರಿತು. ಮಕ್ಕಳು ಆಕಾರ ನೋಡಿ ಕುಣಿಯುತ್ತಾರೆ. ನನಗೆ ಅಲ್ಲಿ ಹಿಡಿಸಿದ್ದು ಬೇರೆ. ಆ ಒಂದೊಂದು ಆಕಾರದೊಳಗೂ ಚಕ್ರ ತಿರುಗಲು, ಸ್ಟೀರಿಂಗ್ ಹಾಯಲು, ಓಡಿಸುವವನ ಕಾಲು ಚಾಚಲು ಜಾಗ ಹುಡುಕಿ ಚೌಕಟ್ಟು ಕಟ್ಟಬೇಕು. ಹಾಟ್ ರಾಡ್ ಕಟ್ಟುವವರು ಎದುರಿಸುವುದೂ ಇದೇ ಕೆಲಸವನ್ನು, ಇನ್ನೂ ಹೆಚ್ಚಿನ ವೇಗದ ಹೊಣೆಯೊಂದಿಗೆ. ಪ್ರದರ್ಶನಕ್ಕೆಂದು, ಖಾಸಗಿ ಜಾಗದಲ್ಲಿ ಓಡಿಸಲೆಂದು ಕಟ್ಟುವುದಾದರೆ ಯಾವ ಹಳೆಯ ಗಾಡಿಯ ನಂಬರನ್ನೂ ಕೆಡಿಸಬೇಕಾಗಿಲ್ಲ.

100 ಗುಣಿಸು 50 ಮಿ.ಮೀ. ಆಯತದ, 3 ಮಿ.ಮೀ. ದಪ್ಪದ ಕೊಳವೆ ಮೀಟರಿಗೆ ಏಳು ಕೆ.ಜಿ.ಗಿಂತ ತುಸು ಕಡಿಮೆ ತೂಗುತ್ತದೆ. ಮೂರೂವರೆ ಮೀಟರಿನ ಎರಡು ಲಾಂಗ್ ಮೆಂಬರಿಗೆ 50 ಕೆ.ಜಿ. ಒಳಗೆ ಮುಗಿಯುತ್ತದೆ. ಬಾಕ್ಸಿಂಗಿನ ಕೆಲಸವೂ ಉಳಿಯಿತು. ಮಟ್ಟವಾದ ಗಟ್ಟಿ ಮೇಜಿಗೆ ಕ್ಲ್ಯಾಂಪ್ ಹಾಕಿ ಹಿಡಿದು, ಬೆಸುಗೆಯನ್ನು ಒಂದೇ ಓಟಕ್ಕೆ ಎಳೆಯದೆ ಇಂಚು ಇಂಚಾಗಿ, ಎಡಕ್ಕೊಂದು ಬಲಕ್ಕೊಂದು ಹಾಕಬೇಕು. ಕಾದ ಕಡೆಗೆ ಲೋಹ ಎಳೆದುಕೊಳ್ಳುತ್ತದೆ, ಒಂದೇ ಬದಿ ಬೆಸೆದರೆ ಚಾಸಿ ಬಾಳೆಕಾಯಾಗುತ್ತದೆ. ಎರಡು ಕೊಳವೆ ಕೂಡುವ ಕಡೆ ನೇರ ಕೀಲಿನ ಮೇಲೆ ವಜ್ರಾಕಾರದ ಪಟ್ಟಿ ಬೆಸೆಯಬೇಕು, ಬಲ ಒಂದೇ ಗೆರೆಯಲ್ಲಿ ನಿಲ್ಲದೆ ಹರಡುತ್ತದೆ. ಪ್ರತಿ ಹಂತದಲ್ಲೂ ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನು ಅಳೆಯಬೇಕು. ಒಂದೂವರೆ ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ನಿಲ್ಲಿಸಿ, ಬೆಸುಗೆ ಬಿಡಿಸಿ, ತಿದ್ದಿ. ಮುಂದೆ ಯಾವ ಅಲೈನ್‌ಮೆಂಟ್ ಯಂತ್ರವೂ ಅದನ್ನು ಸರಿಮಾಡುವುದಿಲ್ಲ.

ಕ್ರಾಸ್ ಮೆಂಬರು ಕೂರಿಸುವ ಮೊದಲು ಹಾಕಲಿರುವ ಟೈರುಗಳ ತ್ರಿಜ್ಯದಷ್ಟು ಎತ್ತರದ ಮರದ ದಿಮ್ಮಿಗಳ ಮೇಲೆ ಅಚ್ಚುಗಳನ್ನಿಡಿ, ಚಾಸಿಯನ್ನು ಓಡುವಾಗಿನ ಎತ್ತರಕ್ಕೆ ಹಿಡಿದು ನಿಲ್ಲಿಸಿ. ಹಿಂದೆ ತುಸು ಎತ್ತರ, ಮುಂದೆ ತಗ್ಗು ಎಂಬ ಹಾಟ್ ರಾಡಿನ ನಿಲುವು ಬೇಕಾದರೆ ಅದನ್ನು ಈಗಲೇ ಕೊಡಬೇಕು. ಆಮೇಲೆ ಹಿಂದಿನ ಟೈರು ದೊಡ್ಡದು ಮಾಡಿ ನಿಲುವು ತರಹೊರಟರೆ, ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಮೊಳೆಯಾದ ಕಿಂಗ್‌ಪಿನ್‌ನ ವಾಲು ಕೆಡುತ್ತದೆ. ತೊಲೆ ಅಚ್ಚಿನ ಗಾಡಿಗೆ ಕಿಂಗ್‌ಪಿನ್‌ನ ಮೇಲ್ತುದಿ ಐದರಿಂದ ಏಳು ಡಿಗ್ರಿ ಹಿಂದಕ್ಕೆ ವಾಲಿರಬೇಕು. ಅದೇ ಕ್ಯಾಸ್ಟರ್. ಚಾಸಿ ಎರಡು ಡಿಗ್ರಿ ಮುಂದಕ್ಕೆ ಬಾಗಿದರೆ ಕ್ಯಾಸ್ಟರಿನಲ್ಲಿ ಎರಡು ಡಿಗ್ರಿ ಹೋಯಿತು. ಕಡಿಮೆಯಾದರೆ ಗಾಡಿ ದಾರಿಯಲ್ಲಿ ಅಲೆಯುತ್ತದೆ, ಸ್ಟೀರಿಂಗ್ ತನ್ನಷ್ಟಕ್ಕೆ ನೇರಕ್ಕೆ ಬರುವುದಿಲ್ಲ. ಹೆಚ್ಚಾದರೆ ಯಾವುದೋ ಒಂದು ವೇಗದಲ್ಲಿ ಎರಡು ಚಕ್ರಗಳೂ ಎಡಬಲಕ್ಕೆ ಗದಗದ ನಡುಗುತ್ತವೆ, ಶಿಮ್ಮಿ ಎನ್ನುತ್ತಾರೆ. ಸವೆದ ಕಿಂಗ್‌ಪಿನ್, ಬ್ಯಾಲೆನ್ಸ್ ಇಲ್ಲದ ಟೈರು, ಸ್ಟೀರಿಂಗ್ ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಕಂಬಿ (ಡ್ರಾಗ್ ಲಿಂಕ್) ಸಡಿಲಾಗಿದ್ದರೂ ಅದು ಬರುತ್ತದೆ. ಅಂಥ ಹೊತ್ತಿನಲ್ಲಿ ಸ್ಟೀರಿಂಗ್ ಡ್ಯಾಂಪರ್ ಹಾಕಿ ಮುಚ್ಚಿಡುವ ಅಭ್ಯಾಸವಿದೆ. ಮೊದಲು ಪಿನ್ನಿನ ಬುಷ್ ನೋಡಿ, ಟೈರು ಬ್ಯಾಲೆನ್ಸ್ ಮಾಡಿಸಿ, ಆಮೇಲೆ ಕ್ಯಾಸ್ಟರಿಗೆ ಬನ್ನಿ. ಪಾಟಾದ ಅಚ್ಚಿನಲ್ಲಿ ಅದನ್ನು ತಿದ್ದಲು ದುಬಾರಿ ಸಾಮಾನೇನೂ ಬೇಡ. ಯು-ಬೋಲ್ಟ್ ಸಡಿಲಿಸಿ, ಪಾಟಾಕ್ಕೂ ಅಚ್ಚಿನ ಪೀಠಕ್ಕೂ ನಡುವೆ ಎರಡು ಡಿಗ್ರಿಯ ಉಕ್ಕಿನ ಬೆಣೆ ತೂರಿಸಿ, ಎರಡೂ ಬದಿಗೆ ಒಂದೇ ಅಳತೆಯದ್ದು, ದಪ್ಪನೆಯ ತುದಿ ಎತ್ತ ಎಂದು ಎರಡು ಸಲ ನೋಡಿಕೊಂಡು ಮತ್ತೆ ಬಿಗಿಯಬೇಕು. ಐವತ್ತು ಕಿ.ಮೀ. ಓಡಿಸಿ ಬಂದ ಮೇಲೆ ಆ ನಾಲ್ಕು ಯು-ಬೋಲ್ಟುಗಳನ್ನು ಇನ್ನೊಮ್ಮೆ ಟಾರ್ಕ್ ರೆಂಚ್ ಹಿಡಿದು ಬಿಗಿಯಿರಿ. ಹೊಸ ಪಾಟಾದ ಎಲೆಗಳು ಅಷ್ಟರೊಳಗೆ ಕೂತು ಬೋಲ್ಟು ಸಡಿಲಾಗಿರುತ್ತದೆ.